ನೂರೈವತ್ತು ಜನರ ಕಿವಿ

ಬಟ್ಟೆ ಗಿರಣಿಯಲ್ಲಿ ಅವಳಿಗೆ ಕಿವಿಯಮ್ಮ ಎಂಬ ಹೆಸರು ಬಿದ್ದದ್ದು ಮೊದಲ ದಿನ, ಮೊದಲ ಐದು ನಿಮಿಷದಲ್ಲಿ. ಗೇಟಿನ ಕಾವಲುಗಾರ ಯಾರು, ಏನು ಕೆಲಸ ಎಂದು ಕೇಳಿದ. "ಕಾರ್ಮಿಕ ಇಲಾಖೆಯಿಂದ ಬಂದಿದೀನಿ, ಕಿವಿ ನೋಡೋಕೆ" ಎಂದಳು. ಅವನು "ಆಂ?" ಎಂದ. ಅವಳು ಇನ್ನೊಮ್ಮೆ ಹೇಳಿದಳು. ಅವನು ಅಂಗೈಯನ್ನು ಕಿವಿಯ ಹಿಂದೆ ಆನಿಸಿ, ಮುಂದಕ್ಕೆ ಬಾಗಿ, ಮತ್ತೆ "ಆಂ?" ಎಂದ. ಮೂರನೇ ಸಲ ಅವಳು ಗಂಟಲು ಕಿತ್ತುಹೋಗುವಂತೆ "ಕಿವಿ, ಕಿವಿ" ಎಂದು ಕೂಗಿದಳು. ಪಾಳಿ ಮುಗಿಸಿ ಹೊರಗೆ ಬರುತ್ತಿದ್ದ ಇನ್ನೂರು ಜನ ತಿರುಗಿ ನೋಡಿದರು. ಅಷ್ಟು ಸಾಕಾಯಿತು. ಸಂಜೆಯೊಳಗೆ ಗಿರಣಿಗೆಲ್ಲ ಅವಳು ಕಿವಿಯಮ್ಮ.

ಹನ್ನೊಂದು ವರ್ಷದಿಂದ ಅವಳದು ಇದೇ ಕೆಲಸ. ಗದ್ದಲದ ಕಾರ್ಖಾನೆಗಳಿಗೆ ಹೋಗುವುದು, ದುಡಿಯುವವರ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವುದು, ಇಲಾಖೆಗೆ ವರದಿ ಕೊಡುವುದು. ಅವಳ ಜೊತೆ ಒಂದು ಲಾರಿಯಲ್ಲಿ ಮರದ ಗೂಡೊಂದು ಬರುತ್ತಿತ್ತು. ಒಳಗೆಲ್ಲ ದಪ್ಪ ಹತ್ತಿ ಹೊದಿಸಿದ, ಒಬ್ಬರು ಮಾತ್ರ ಕೂರಬಹುದಾದ ಗೂಡು. ಕೂತವರ ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟು, ಅವಳು ಹೊರಗಿನಿಂದ ಸಣ್ಣ ಸಣ್ಣ ಸದ್ದು ಕಳಿಸುತ್ತಿದ್ದಳು. ಕೇಳಿದರೆ ಗುಂಡಿ ಒತ್ತಬೇಕು. ಯಾವ ಸದ್ದು ಕೇಳಿತು, ಯಾವುದು ಕೇಳಲಿಲ್ಲ ಎಂಬುದನ್ನು ಗೆರೆ ಎಳೆದರೆ ಅದೇ ಆ ಮನುಷ್ಯನ ಕಿವಿಯ ನಕ್ಷೆ. ಗದ್ದಲ ತಿಂದ ಕಿವಿಯ ನಕ್ಷೆ ಒಂದೇ ಕಡೆ ಹಳ್ಳ ಬಿದ್ದಂತೆ ಕುಸಿದಿರುತ್ತದೆ. ಮೊದಲು ಹೋಗುವುದು ತೆಳ್ಳನೆಯ ಸದ್ದುಗಳು. ಹಕ್ಕಿಯದು, ಎಳೆ ಮಗುವಿನದು.

ಗಿರಣಿಯಲ್ಲಿ ಸಾವಿರದ ಎಂಟುನೂರ ಅರವತ್ತು ಜನ. ನೇಯುವ ಮನೆಯ ಕಬ್ಬಿಣದ ಬಾಗಿಲು ತೆಗೆದರೆ ಸದ್ದು ಎದೆಗೇ ಹೊಡೆಯುತ್ತಿತ್ತು. ಹಳೆಯ ಕಾಲದ ಮಗ್ಗಗಳು, ಲಾಳಿ ಅತ್ತಿಂದಿತ್ತ ಬಡಿದು ಬಡಿದು ಓಡುವಂಥವು. ಇಲಾಖೆಯ ನಿಯಮ ಸರಳವಾಗಿತ್ತು. ದುಡಿಯುವವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನರ ಕಿವಿ ಕೆಟ್ಟಿದ್ದರೆ ಗಿರಣಿಯವರು ಮಗ್ಗಗಳ ಅಡಿಗೆ ರಬ್ಬರ್ ಹಾಸಬೇಕು, ಸೂರಿಗೆ ಸದ್ದು ಹೀರುವ ಹಲಗೆ ಹೊಡೆಯಬೇಕು, ಪ್ರತಿಯೊಬ್ಬರಿಗೂ ಕಿವಿಯ ಕವಚ ಕೊಡಬೇಕು, ಪಾಳಿಯ ನಡುವೆ ಕಿವಿಗೆ ಬಿಡುವು ಕೊಡಬೇಕು. ಕಾಲು ಭಾಗಕ್ಕಿಂತ ಕಡಿಮೆ ಇದ್ದರೆ ಆಳಿಗೊಂದು ಚಿಟಿಕೆ ಹತ್ತಿ ಹಂಚಿ ಕೈತೊಳೆದುಕೊಳ್ಳಬಹುದು.

ಒಬ್ಬರನ್ನು ಪರೀಕ್ಷಿಸಲು ಅರ್ಧ ಗಂಟೆ ಹಿಡಿಯುತ್ತದೆ. ದಿನಕ್ಕೆ ಹದಿನೈದು ಜನರ ಮೇಲಾಗದು. ಎಲ್ಲರನ್ನೂ ನೋಡಹೊರಟರೆ ಅರ್ಧ ವರ್ಷ ಅಲ್ಲೇ ಠಿಕಾಣಿ ಹೂಡಬೇಕು. ಅದಕ್ಕೇ ಅವಳು ನೂರೈವತ್ತು ಜನರನ್ನು ಮಾತ್ರ ನೋಡುತ್ತಿದ್ದಳು. ಆದರೆ ಆ ನೂರೈವತ್ತು ಯಾರು ಎಂಬುದನ್ನು ಅವಳೂ ಆರಿಸುವಂತಿರಲಿಲ್ಲ, ಮ್ಯಾನೇಜರೂ ಆರಿಸುವಂತಿರಲಿಲ್ಲ. ಪ್ರತಿಯೊಬ್ಬರ ಎದೆಯ ಮೇಲೂ ಅಂಕಿ ಬರೆದ ಹಿತ್ತಾಳೆ ಬಿಲ್ಲೆಯೊಂದು ಇರುತ್ತಿತ್ತು. ಆ ಅಂಕಿಗಳಿಂದ ಕಣ್ಣುಮುಚ್ಚಿ ಎತ್ತಿದಂತೆ ನೂರೈವತ್ತನ್ನು ತೆಗೆದು, ಪಟ್ಟಿ ಮಾಡಿ, ಮೇಲ್ವಿಚಾರಕನ ಕೈಗೆ ಕೊಟ್ಟಳು. ದಿನಾ ಹದಿನೈದು ಜನರನ್ನು ಕಳಿಸುವುದು ಅವನ ಕೆಲಸ.

ಹತ್ತು ದಿನದಲ್ಲಿ ನೂರೈವತ್ತೂ ಜನ ಬಂದರು. ಒಬ್ಬರೂ ತಪ್ಪಿಸಲಿಲ್ಲ. ಒಬ್ಬರಿಗೂ ಜ್ವರ ಬರಲಿಲ್ಲ, ಒಬ್ಬರ ಮನೆಗೂ ನೆಂಟರು ಬರಲಿಲ್ಲ. ಅವಳ ಹನ್ನೊಂದು ವರ್ಷದಲ್ಲಿ ಇಂಥದ್ದು ಆಗಿರಲಿಲ್ಲ. ಅದೃಷ್ಟ ಎಂದುಕೊಂಡು ಸುಮ್ಮನಾದಳು. ಸುಸೂತ್ರವಾಗಿ ನಡೆಯುತ್ತಿರುವ ಕೆಲಸವನ್ನು ಯಾರು ತಾನೆ ಅನುಮಾನದಿಂದ ನೋಡುತ್ತಾರೆ?

ಲೆಕ್ಕ ಹಾಕಿದಳು. ನೂರೈವತ್ತರಲ್ಲಿ ಇಪ್ಪತ್ತೇಳು ಜನರ ಕಿವಿ ಕೆಟ್ಟಿತ್ತು. ಅಂದರೆ ನೂರಕ್ಕೆ ಹದಿನೆಂಟು. ಎಲ್ಲರನ್ನೂ ನೋಡಿಲ್ಲವಾದ್ದರಿಂದ ಸರಿಯಾಗಿ ಹದಿನೆಂಟೇ ಎನ್ನುವಂತಿಲ್ಲ. ಸೂತ್ರ ಹಿಡಿದು ಎರಡು ಕೊನೆ ಕಂಡುಕೊಂಡಳು. ಇಡೀ ಗಿರಣಿಯ ಲೆಕ್ಕ ನೂರಕ್ಕೆ ಹನ್ನೆರಡರಿಂದ ಇಪ್ಪತ್ತನಾಲ್ಕರ ನಡುವೆ. ಮೇಲಿನ ಕೊನೆಯೂ ಕಾಲು ಭಾಗವನ್ನು ಮುಟ್ಟಲಿಲ್ಲ. ಹತ್ತಿ ಹಂಚಿದರೆ ಮುಗಿಯಿತು.

ಮ್ಯಾನೇಜರ್ ಬಾಗಿಲಲ್ಲೇ ನಿಂತು, "ನಾನು ಮೊದಲೇ ಹೇಳಿರಲಿಲ್ವಾ ಮೇಡಂ, ನಮ್ಮವರು ಗಟ್ಟಿ ಜನ" ಎಂದ. ಅವನು ಕೆಟ್ಟವನೇನೂ ಅಲ್ಲ. ಕೆಳಗಿನ ಗದ್ದಲಕ್ಕೂ ತನ್ನ ಕೋಣೆಗೂ ನಡುವೆ ಎರಡು ಗಾಜಿನ ಬಾಗಿಲು ಹಾಕಿಸಿಕೊಂಡಿದ್ದ, ಅಷ್ಟೇ.

ವರದಿ ಬರೆಯಲು ಕೂತ ದಿನ ಅವಳು ಒಂದು ಅಭ್ಯಾಸದ ಕೆಲಸ ಮಾಡಿದಳು. ಯಾರು ಎಷ್ಟು ವರ್ಷ ದುಡಿದಿದ್ದಾರೆ ಎಂಬ ಪುಸ್ತಕವನ್ನು ಒಂದು ಪಕ್ಕ, ನಕ್ಷೆಗಳನ್ನು ಇನ್ನೊಂದು ಪಕ್ಕ ಇಟ್ಟುಕೊಂಡು ಜೋಡಿ ನೋಡಿದಳು. ವರ್ಷ ಹೆಚ್ಚಾದಂತೆ ಕಿವಿ ಕೆಡುತ್ತಾ ಹೋಗಬೇಕು. ಇಲ್ಲಿ ಹಾಗಿರಲಿಲ್ಲ. ಇಪ್ಪತ್ತೈದು ವರ್ಷ ಮಗ್ಗದ ಮುಂದೆ ನಿಂತವರ ನಕ್ಷೆ ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರದರಂತೆ ನೆಟ್ಟಗಿತ್ತು. ಸಾವಿರದ ನೂರ ನಲವತ್ತೆರಡನೇ ಬಿಲ್ಲೆಯದಂತೂ ಕೂಸಿನ ಕಿವಿ. ಪುಸ್ತಕದಲ್ಲಿ ನೋಡಿದರೆ ವಯಸ್ಸು ಐವತ್ತೆರಡು, ಏಳನೇ ಸಾಲಿನ ಮಗ್ಗ, ಮೂವತ್ತು ವರ್ಷದ ನೌಕರಿ.

ಆ ಬಿಲ್ಲೆಯವಳು ಅವಳಿಗೆ ನೆನಪಿದ್ದಳು. ಮೆಲ್ಲಗೆ ಮಾತಾಡುವ, ಉಗುರಿಗೆ ಬಣ್ಣ ಹಚ್ಚಿದ ಹೆಣ್ಣು. ಐವತ್ತೆರಡು ಅಂದರೆ ನಂಬಲಾಗದಷ್ಟು ನುಣುಪಾದ ಕೈ. ಅಂದು ಅದು ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಕಿವಿಯಮ್ಮ ಎದ್ದು ನೇಯುವ ಮನೆಗೆ ನಡೆದಳು. ಏಳನೇ ಸಾಲಿನಲ್ಲಿ, ಹಿತ್ತಾಳೆಯ ಮೇಲೆ ಸಾವಿರದ ನೂರ ನಲವತ್ತೆರಡು ಎಂದು ಕೊರೆದ ಬಿಲ್ಲೆ ಸಿಕ್ಕಿಸಿಕೊಂಡು ನಿಂತಿದ್ದವಳು ಗುಂಡಗಿನ, ನರೆತ ಕೂದಲಿನ ಹೆಂಗಸು. ಅವಳನ್ನು ಕಿವಿಯಮ್ಮ ಹಿಂದೆಂದೂ ನೋಡಿರಲಿಲ್ಲ. ಆ ಹೆಂಗಸು ಎರಡು ಮಗ್ಗದಾಚೆ ಇದ್ದ ಗೆಳತಿಗೆ ಏನೋ ಹೇಳುತ್ತಿದ್ದಳು. ಸದ್ದು ಒಂದಿಷ್ಟೂ ಇಲ್ಲ, ಬರೀ ತುಟಿ. ಅಗಲವಾಗಿ ತೆರೆದು ಮುಚ್ಚುವ ತುಟಿ, ಕುಣಿಯುವ ಹುಬ್ಬು. ಗೆಳತಿ ಅಷ್ಟು ದೂರದಿಂದ ಅರ್ಥ ಮಾಡಿಕೊಂಡು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಇಬ್ಬರೂ ಕಿವಿಯಮ್ಮನನ್ನು ನೋಡಿದರು, ನಗು ನಿಂತಿತು.

ಈ ಹೆಂಗಸನ್ನು ಗಿರಣಿಯಲ್ಲಿ ಗುಡುಗಮ್ಮ ಎನ್ನುತ್ತಿದ್ದರು. ಹೊರಗೆ ಬಂದರೆ ಅವಳು ಪಿಸುಗುಟ್ಟಿದ್ದೂ ಎರಡು ಬೀದಿಗೆ ಕೇಳುತ್ತಿತ್ತಂತೆ.

*

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಎರಡು ಕೋಣೆಯ ಮನೆ, ಇರುವವರು ತಾಯಿ ಮಗಳು ಇಬ್ಬರೇ. ತಾಯಿ ಕಿಟಕಿಯ ಬೆಳಕಿಗೆ ಕೂತು ಹಳೆಯ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಬಾಗಿಲು ತೆರೆದ ಸದ್ದಿಗೆ ತಿರುಗಲಿಲ್ಲ. ಮಗಳ ನೆರಳು ಬಟ್ಟೆಯ ಮೇಲೆ ಬಿದ್ದಾಗ ತಲೆಯೆತ್ತಿದಳು.

ಈ ತಾಯಿಯೂ ಅದೇ ಗಿರಣಿಯಲ್ಲಿ ದುಡಿದವಳು. ಮೂವತ್ತನಾಲ್ಕು ವರ್ಷ. ಬಿಟ್ಟು ಹನ್ನೆರಡು ವರ್ಷವಾಗಿತ್ತು. ಎದುರಿಗಿದ್ದವರ ಮುಖ ನೋಡಿಕೊಂಡೇ ಮಾತಾಡುತ್ತಿದ್ದಳು. ಹಿಂದಿನಿಂದ ಕರೆದರೆ ಇಲ್ಲ. ಕಿವಿ ತೋರಿಸೋಣ ಎಂದು ಮಗಳು ಬಾಯಿ ತೆರೆದರೆ ಸಾಕು, "ನನ್ನ ಕಿವಿಗೇನಾಗಿದೆ ದಾಡಿ? ನೀನು ಬಾಯಲ್ಲಿ ಏನೋ ಇಟ್ಕೊಂಡು ಗೊಣಗ್ತೀಯ" ಎನ್ನುತ್ತಿದ್ದಳು. ಊರವರ ಕಿವಿಯನ್ನೆಲ್ಲ ಅಳೆಯುವ ಮಗಳಿಗೆ ಮನೆಯ ಕಿವಿಯೊಂದು ದಕ್ಕಿರಲಿಲ್ಲ.

ಮಗಳು ಎದುರಿಗೆ ಕೂತು ನಡೆದದ್ದನ್ನೆಲ್ಲ ಹೇಳಿದಳು. "ಬದಲಿಗೆ ಬೇರೆಯವರನ್ನ ಕಳಿಸಿದಾರೆ ಅಮ್ಮ. ಬಟ್ಟೆ ಕಟ್ಟು ಕಟ್ಟೋ ವಿಭಾಗದ ಚಿಕ್ಕ ಹುಡುಗಿಯರನ್ನ ಇರ್ಬೇಕು, ಅಲ್ಲಿ ಗದ್ದಲ ಇಲ್ಲ. ಇವರ ಬಿಲ್ಲೆ ಅವರಿಗೆ ಸಿಕ್ಕಿಸಿ. ಎಷ್ಟು ಜನಾನೋ ಗೊತ್ತಿಲ್ಲ. ಯಾಕೆ ಹಾಗೆ ಮಾಡಿದ್ರೋ ಅದೂ ಗೊತ್ತಿಲ್ಲ. ಅವರ ಒಳ್ಳೇದಕ್ಕೇ ತಾನೆ ನಾನು ಹೋಗಿರೋದು?"

ತಾಯಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ನಾನೇ ಹೇಳಿದ್ದು" ಎಂದಳು.

"ಏನು?"

"ಪೇಟೇಲಿ ಸಿಕ್ಕಿದ್ಲು, ಗುಡುಗಮ್ಮ. ಕಿವಿ ನೋಡೋರು ಬಂದಿದಾರೆ, ನನ್ನ ಬಿಲ್ಲೆ ಬಂದಿದೆ, ಏನ್ ಮಾಡ್ಲಿ ಅಂತ ಕೇಳಿದ್ಲು. ಚೆನ್ನಾಗಿ ಕೇಳೋರನ್ನ ಕಳಿಸು ಅಂದೆ. ಮೇಲ್ವಿಚಾರಕನೂ ನಮ್ಮ ಕಾಲದವನೇ, ಕಣ್ಣು ಮುಚ್ಕೋತಾನೆ ಅಂದೆ."

"ನಾನು ಅಲ್ಲಿ ಕೂತಿದೀನಿ ಅಂತ ಗೊತ್ತಿದ್ದೂ?"

"ಆ ಕಿವಿಯಮ್ಮ ನನ್ನ ಮಗಳು ಅಂತ ಹೇಳ್ಲಿಲ್ಲ ನಾನು."

ಮಗಳಿಗೆ ಸಿಟ್ಟು ನೆತ್ತಿಗೇರಿತು. ಎದ್ದು ನಿಂತಳು, ಮತ್ತೆ ಕೂತಳು. ತಾಯಿ ಅವಳ ಮುಖವನ್ನೇ ನೋಡುತ್ತಿದ್ದಳು, ಒಂದು ಗೆರೆಯನ್ನೂ ಬಿಡದೆ.

"ನಾನು ಮಗ್ಗ ಬಿಟ್ಟಿದ್ದು ಮಂಡಿನೋವಿಗೆ ಅಂತ ನಿನಗೆ ಹೇಳಿದ್ದೆ" ಎಂದಳು ತಾಯಿ. "ನೀನಾಗ ಓದೋಕೆ ಹೋಗಿದ್ದೆ, ಗೊತ್ತಾಗ್ಲಿಲ್ಲ. ಮಂಡಿಗೆ ಏನೂ ಆಗಿರ್ಲಿಲ್ಲ. ಒಬ್ರು ಡಾಕ್ಟರು ಬಂದ್ರು, ಕಿವಿ ನೋಡ್ತೀವಿ ಅಂದ್ರು. ನಾವು ಕುರಿಗಳ ಹಾಗೆ ಹೋಗಿ ಸಾಲಾಗಿ ಕೂತ್ವಿ. ಮಾರನೇ ವಾರ ಹದಿನೇಳು ಜನರ ಹೆಸರು ಗೋಡೆ ಮೇಲೆ ಅಂಟಿಸಿದ್ರು. ಕಿವಿ ಕೇಳಲ್ಲ, ಮಗ್ಗದ ಹತ್ರ ಬೇಡ ಅಂತ. ಇಪ್ಪತ್ತೆಂಟು ವರ್ಷ ನೇಯ್ದೋಳು ನಾನು. ಆಮೇಲಿನ ಆರು ವರ್ಷ ಅದೇ ಮಗ್ಗಗಳ ಕೆಳಗೆ ಹತ್ತಿ ಧೂಳು ಗುಡಿಸಿದೆ."

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಮಗಳಿಗೆ ಮಾತ್ರ ಕೇಳಿತು.

"ನನಗೆ ಹೇಳ್ಬಹುದಿತ್ತು" ಎಂದಳು ಕೊನೆಗೆ.

"ಏನಂತ ಹೇಳ್ಲಿ? ನೀನು ಕಿವಿ ಪರೀಕ್ಷೆ ಮಾಡೋದನ್ನೇ ಕಲಿತೀನಿ ಅಂತ ಖುಷಿಯಾಗಿ ಕಾಗದ ಬರೆದಿದ್ದೆ ಆಗ."

*

ಮಾರನೇ ಬೆಳಿಗ್ಗೆ ಅವಳು ಇಲಾಖೆಯ ಅಧಿಕಾರಿಗೆ ಫೋನ್ ಮಾಡಿದಳು. ಅಧಿಕಾರಿ ಅವಳಿಗಿಂತ ಹತ್ತು ವರ್ಷ ಹಿರಿಯ ಹೆಂಗಸು, ಮಾತು ಕಡಿಮೆ.

"ಎಲ್ಲ ಮುಗೀತು ಅಂದಿದ್ರಲ್ಲ."

"ಮುಗಿದಿದೆ. ಆದ್ರೆ ನಾನು ನೋಡಿದ್ದು ಯಾರನ್ನೋ."

"ಇನ್ನೊಂದು ಐವತ್ತು ಜನರನ್ನ ಸೇರಿಸಿ ನೋಡಿದ್ರೆ ಸರಿಹೋಗಲ್ವಾ?"

"ಇಲ್ಲ ಮೇಡಂ. ಬದಲಿಗೆ ಬರೋರನ್ನೇ ಸಾವಿರ ಜನ ನೋಡಿದ್ರೂ ಅಷ್ಟೇ. ಎರಡು ಕೊನೆ ಹತ್ತಿರ ಹತ್ತಿರ ಬರುತ್ತೆ, ಅದೇ ಸುಳ್ಳನ್ನ ಇನ್ನಷ್ಟು ಧೈರ್ಯವಾಗಿ ಹೇಳ್ದಂಗಾಗುತ್ತೆ. ಸೂತ್ರಕ್ಕೆ ಬಂದಿರೋರು ಯಾರು ಅಂತ ಗೊತ್ತಾಗಲ್ಲ. ಅದನ್ನ ನಾನು ನೋಡ್ಕೋಬೇಕಿತ್ತು. ನೋಡ್ಕೊಳ್ಲಿಲ್ಲ."

ಆ ಕಡೆ ಒಂದು ನಿಟ್ಟುಸಿರು ಕೇಳಿತು. "ಯಾರಿಗಾದ್ರೂ ಶಿಕ್ಷೆ ಆಗ್ಬೇಕು ಅಂತೀರಾ?"

"ಬೇಡ. ಅವರಿಗೆ ಹೆದರೋಕೆ ಕಾರಣ ಇದೆ" ಎಂದು ಹದಿನೇಳು ಹೆಸರಿನ ಕತೆ ಹೇಳಿದಳು. ಅದರಲ್ಲೊಂದು ತನ್ನ ತಾಯಿಯದು ಎಂಬುದನ್ನೂ ಹೇಳಿದಳು. ಮೊದಲ ನೂರೈವತ್ತು ನಕ್ಷೆಗಳನ್ನೂ ಪಕ್ಕಕ್ಕಿಟ್ಟು ಹೊಸದಾಗಿ ಶುರು ಮಾಡಲು ಅಧಿಕಾರಿ ಎರಡು ವಾರ ಕೊಟ್ಟರು. ಕಿವಿ ಕೆಟ್ಟಿದೆ ಎಂಬ ಕಾರಣಕ್ಕೆ ಯಾರನ್ನೂ ಮಗ್ಗದಿಂದ ತೆಗೆಯುವುದಿಲ್ಲ ಎಂದು ಮ್ಯಾನೇಜರನಿಂದ ಬರೆಸಿಕೊಂಡರು. ಅವನು ಸ್ವಲ್ಪ ಗೊಣಗಿ, ಸಹಿ ಹಾಕಿದ.

ಆದರೆ ಕಾಗದವನ್ನು ನಂಬಿ ಯಾರು ಬರುತ್ತಾರೆ? ಹದಿನೇಳು ಹೆಸರಿದ್ದದ್ದೂ ಕಾಗದವೇ. ಕಿವಿಯಮ್ಮ ಮ್ಯಾನೇಜರನ ಹತ್ತಿರ ಹೋಗಿ, ಎಲ್ಲರಿಗೂ ಒಂದು ಮಾತು ಹೇಳಬೇಕು, ಹತ್ತು ನಿಮಿಷ ಮಗ್ಗ ನಿಲ್ಲಿಸಿ ಎಂದು ಕೇಳಿದಳು.

"ಅದೊಂದು ಮಾತ್ರ ಆಗಲ್ಲ" ಎಂದ ಅವನು. "ಒಂದ್ಸಲ ನಿಲ್ಲಿಸಿದ್ರೆ ಮತ್ತೆ ಹದಕ್ಕೆ ಬರೋಕೆ ಅರ್ಧ ದಿನ ಬೇಕು. ಬೇಕಾದ್ರೆ ಆ ಗದ್ದಲದಲ್ಲೇ ಭಾಷಣ ಮಾಡ್ಕೊಳ್ಳಿ."

ಮನೆಗೆ ಬಂದು ತಾಯಿಗೆ ಇದನ್ನು ಹೇಳಿದಾಗ ತಾಯಿ ಮಗಳನ್ನು ಎಳಸು ಕೂಸನ್ನು ನೋಡುವಂತೆ ನೋಡಿದಳು. "ನಿಲ್ಲಿಸೋದು ಯಾಕೆ?" ಎಂದಳು.

ಮಾರನೇ ದಿನ ಹನ್ನೆರಡು ವರ್ಷದ ಮೇಲೆ ತಾಯಿ ಆ ಕಬ್ಬಿಣದ ಬಾಗಿಲು ದಾಟಿದಳು. ಒಗೆದ ಸೀರೆ, ಬಿಗಿಯಾಗಿ ಕಟ್ಟಿದ ಕೂದಲು. ನೇಯುವ ಮನೆಯ ಒಂದು ಕೊನೆಯಲ್ಲಿ ಆರು ಮೆಟ್ಟಿಲ ಕಟ್ಟೆಯೊಂದಿತ್ತು, ಮೇಲ್ವಿಚಾರಕ ನಿಲ್ಲುವ ಜಾಗ. ಅದನ್ನು ಹತ್ತಿ ನಿಂತಳು. ಮಂಡಿ ಒಂದಿಷ್ಟೂ ತೊಂದರೆ ಕೊಟ್ಟಂತೆ ಕಾಣಲಿಲ್ಲ. ಎರಡೂ ಕೈ ಮೇಲೆತ್ತಿ ಒಮ್ಮೆ ಬೀಸಿದಳು. ಮೊದಲ ಸಾಲಿನವರು ನೋಡಿದರು. ಅವರು ಎರಡನೇ ಸಾಲಿನವರ ಭುಜ ತಟ್ಟಿದರು. ಹೀಗೆ ತಟ್ಟುತ್ತ ತಟ್ಟುತ್ತ ಕೊನೆಯ ಸಾಲಿನವರೆಗೂ ತಲೆಗಳು ತಿರುಗಿದವು. ಕೈಗಳು ಮಾತ್ರ ಮಗ್ಗದ ಮೇಲೇ ಇದ್ದವು.

ತಾಯಿ ಮಾತಾಡಿದಳು. ಸದ್ದಿಲ್ಲದೆ, ತುಟಿಯಲ್ಲಿ, ಹುಬ್ಬಿನಲ್ಲಿ, ಕೈಯಲ್ಲಿ. ಮಗ್ಗಗಳು ಬಡಿಯುತ್ತಲೇ ಇದ್ದವು. ಪಕ್ಕದಲ್ಲಿ ನಿಂತ ಮಗಳಿಗೆ ಒಂದು ಮಾತೂ ತಿಳಿಯಲಿಲ್ಲ. ಆ ಇಡೀ ಸೂರಿನ ಕೆಳಗೆ ಕಿವಿ ನೆಟ್ಟಗಿದ್ದವಳು ತಾನೊಬ್ಬಳೇ, ಏನೂ ಅರ್ಥವಾಗದವಳೂ ತಾನೊಬ್ಬಳೇ ಎಂದು ಅವಳಿಗೆ ಅನ್ನಿಸಿತು. ಕಟ್ಟೆಯ ಕೆಳಗೆ ನಿಂತ ಮೇಲ್ವಿಚಾರಕ ತಲೆ ತಗ್ಗಿಸಿ ಕಣ್ಣೊರೆಸಿಕೊಂಡ. ಒಂದು ಹಂತದಲ್ಲಿ ತಾಯಿ ಮಗಳತ್ತ ಬೆರಳು ತೋರಿಸಿದಳು. ನೂರಾರು ಮುಖಗಳು ಒಟ್ಟಿಗೆ ಅವಳತ್ತ ಹೊರಳಿದವು. ಏಳನೇ ಸಾಲಿನಲ್ಲಿ ಗುಡುಗಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ತಾಯಿ ಇನ್ನೇನೋ ಹೇಳಿದಳು, ಇಡೀ ನೇಯುವ ಮನೆ ನಕ್ಕಿತು. ಆ ನಗುವೂ ಕೇಳಲಿಲ್ಲ, ಕಂಡಿತು.

"ಏನಂದೆ?" ಎಂದು ಹೊರಗೆ ಬಂದ ಮೇಲೆ ಮಗಳು ಕೇಳಿದಳು.

"ಇವಳು ನನ್ನ ಮಗಳು ಅಂದೆ. ಚೀಟಿ ಬಂದೋರೇ ಬನ್ನಿ, ಬೇರೆಯವರನ್ನ ಕಳಿಸ್ಬೇಡಿ ಅಂದೆ. ನಿಮ್ಮಲ್ಲಿ ಎಷ್ಟು ಜನ ಅನ್ನೋದು ಬೇಕು ಇವಳಿಗೆ, ಯಾರು ಅನ್ನೋದು ಬೇಡ ಅಂದೆ. ಅದು ಸರಿ ತಾನೆ?"

"ಸರಿ. ನಕ್ಕಿದ್ದು ಯಾಕೆ ಅವರೆಲ್ಲ?"

"ಒಬ್ಬರ ಹೆಸರು ಹೊರಗೆ ಬಂದ್ರೂ ಇವಳಿಗೆ ಮನೇಲಿ ಊಟ ಹಾಕಲ್ಲ ಅಂದೆ."

*

ಈ ಸಲ ಚೀಟಿ ಎತ್ತಿದ್ದು ಅಂಗಳದಲ್ಲಿ, ಊಟದ ಬಿಡುವಿನಲ್ಲಿ, ಎಲ್ಲರ ಎದುರು. ಸಾವಿರದ ಎಂಟುನೂರ ಅರವತ್ತು ಚೀಟಿಗಳನ್ನು ಖಾಲಿ ಪೀಪಾಯಿಯೊಂದಕ್ಕೆ ಸುರಿದು, ಇಬ್ಬರು ಗಟ್ಟಿ ಆಳುಗಳು ಅದನ್ನು ನೆಲದ ಮೇಲೆ ಉರುಳಾಡಿಸಿದರು. ಒಂದೊಂದು ಸಾಲಿನಿಂದ ಒಬ್ಬೊಬ್ಬರು ಬಂದು ಕೈ ಹಾಕಿ ತೆಗೆದರು. ಅಂಕಿ ಕೂಗಿದಾಗ ಯಾರದೋ ಬೆನ್ನಿಗೆ ಗುದ್ದು ಬೀಳುತ್ತಿತ್ತು, ಕೇಳದಿದ್ದವರಿಗೆ ಪಕ್ಕದವರು ತುಟಿಯಲ್ಲಿ ಹೇಳುತ್ತಿದ್ದರು. ಪರೀಕ್ಷೆ ಮುಗಿದ ಕೂಡಲೇ ಕಿವಿಯಮ್ಮ ಬಿಲ್ಲೆಯ ಅಂಕಿಯಿದ್ದ ಚೀಟಿಯನ್ನು ಪಟ್ಟಿಯಿಂದ ಬಿಡಿಸಿ, ಅವರ ಕೈಗೇ ಕೊಟ್ಟು, ಹರಿದುಹಾಕಿ ಎನ್ನುತ್ತಿದ್ದಳು. ನಕ್ಷೆಯ ಮೇಲೆ ವಯಸ್ಸು, ದುಡಿದ ವರ್ಷ ಮಾತ್ರ ಉಳಿಯುತ್ತಿತ್ತು. ಕೆಲವರು ಚೀಟಿಯನ್ನು ಚೂರು ಚೂರು ಮಾಡಿದರು. ಒಬ್ಬ ಮುದುಕ ಅದನ್ನು ಬಾಯಿಗೆ ಹಾಕಿಕೊಂಡು ಅಗಿದ.

ಗುಡುಗಮ್ಮನ ಅಂಕಿ ಈ ಸಲ ಬರಲೇ ಇಲ್ಲ. ಆದರೂ ಅವಳು ದಿನಾ ಬಾಗಿಲ ಬಳಿ ನಿಂತು, ಒಳಗೆ ಹೋಗುವವರಿಗೆ ಧೈರ್ಯ ಹೇಳುತ್ತಿದ್ದಳು. ಅವಳ ಧೈರ್ಯದ ಮಾತಿಗೆ ಗೂಡಿನ ಹತ್ತಿಯೂ ತಡೆಯಾಗದೆ, ಎರಡು ಸಲ ಪರೀಕ್ಷೆಯನ್ನೇ ಮತ್ತೆ ಮಾಡಬೇಕಾಯಿತು.

ನೂರೈವತ್ತರಲ್ಲಿ ಮೂವರು ಬರಲಿಲ್ಲ. ಒಬ್ಬಳಿಗೆ ಹೆರಿಗೆ, ಒಬ್ಬನ ಕಾಲು ಮುರಿದಿತ್ತು, ಒಬ್ಬ ಬರುವುದಿಲ್ಲ ಎಂದ. ಕಿವಿಯಮ್ಮ ಆ ಮೂವರ ಕಿವಿಯೂ ಚೆನ್ನಾಗಿದೆ ಎಂದೇ ಲೆಕ್ಕಕ್ಕೆ ಹಿಡಿದಳು. ನಾಳೆ ಯಾರೂ ಬೆರಳು ತೋರಿಸಬಾರದು. ಹಾಗೆ ಹಿಡಿದರೂ ಐವತ್ತೇಳು ಜನರ ಕಿವಿ ಕೆಟ್ಟಿತ್ತು.

ಕೊನೆಯ ದಿನ ಮ್ಯಾನೇಜರನ ಕೋಣೆಯಲ್ಲಿ ಮೂವರು ಕೂತರು. ಮ್ಯಾನೇಜರ್, ಇಲಾಖೆಯ ಅಧಿಕಾರಿ, ಕಿವಿಯಮ್ಮ. ಎರಡು ಗಾಜಿನ ಬಾಗಿಲಿನಾಚೆ ಮಗ್ಗಗಳು ದೂರದ ಮಳೆಯಂತೆ ಕೇಳುತ್ತಿದ್ದವು.

"ನೂರಕ್ಕೆ ಮೂವತ್ತರಿಂದ ನಲವತ್ತಾರರ ನಡುವೆ" ಎಂದಳು ಕಿವಿಯಮ್ಮ. "ಅಂದ್ರೆ ಇಡೀ ಗಿರಣಿಯಲ್ಲಿ ಐನೂರೈವತ್ತೆಂಟಕ್ಕೆ ಕಡಿಮೆ ಇರಲಾರದು, ಎಂಟುನೂರೈವತ್ತಾರಕ್ಕೆ ಹೆಚ್ಚಿರಲಾರದು."

ಮ್ಯಾನೇಜರ್ ಕಾಗದ ತಿರುವಿ ನೋಡಿದ. "ಇದೇನು ಮೇಡಂ, ಐನೂರೈವತ್ತಕ್ಕೂ ಎಂಟುನೂರೈವತ್ತಕ್ಕೂ ಅಜಗಜಾಂತರ. ಬಟ್ಟೆ ಎಷ್ಟು ಮೀಟರ್ ಇದೆ ಅಂದ್ರೆ ನಾನು ಮೂವತ್ತೋ ನಲವತ್ತಾರೋ ಅಂತ ಹೇಳಿದ್ರೆ ಯಾರಾದ್ರೂ ಒಪ್ತಾರಾ? ಒಂದು ಅಂಕಿ ಹೇಳಿ."

"ಒಂದೇ ಅಂಕಿ ಬೇಕಾದ್ರೆ ಮೂವತ್ತೆಂಟು. ಆದ್ರೆ ಸರಿಯಾಗಿ ಮೂವತ್ತೆಂಟೇ ಅಂತ ನಾನು ಹೇಳಿದ್ರೆ ಅದು ಸುಳ್ಳು. ನೂರೈವತ್ತು ಜನರನ್ನ ನೋಡಿ ನಾನು ಎಷ್ಟು ತಿಳ್ಕೋಬಹುದೋ ಅಷ್ಟನ್ನ ಈ ಎರಡು ಅಂಕಿ ಹೇಳುತ್ತೆ. ಎಷ್ಟು ತಿಳಿದಿಲ್ಲ ಅನ್ನೋದನ್ನೂ ಹೇಳುತ್ತೆ."

"ಅಂದ್ರೆ ಇದು ಖಾತ್ರಿ ಇಲ್ಲ."

"ಪೂರ್ತಿ ಖಾತ್ರಿ ಇಲ್ಲ. ಇದೇ ಥರ ಪೀಪಾಯಿ ಉರುಳಿಸಿ ನೂರು ಸಲ ಚೀಟಿ ಎತ್ತಿ, ನೂರು ಸಲ ಹೀಗೆ ಎರಡು ಕೊನೆ ಕಂಡುಹಿಡಿದ್ರೆ, ಸುಮಾರು ತೊಂಬತ್ತೈದು ಸಲ ನಿಜವಾದ ಲೆಕ್ಕ ಆ ಎರಡರ ನಡುವೆ ಸಿಗುತ್ತೆ. ಐದು ಸಲ ಕೈ ತಪ್ಪುತ್ತೆ."

ಮ್ಯಾನೇಜರ್ ಮೊದಲ ಸಲ ಮುಂದಕ್ಕೆ ಬಾಗಿದ. "ಈ ಸಲದ್ದು ಆ ಐದರಲ್ಲಿ ಒಂದಾಗಿದ್ರೆ?"

"ಆಗಿರಬಹುದು" ಎಂದಳು ಅವಳು. "ಆದ್ರೆ ತಪ್ಪೋದು ಒಂದೇ ಕಡೆಗಲ್ಲ ಸರ್. ನಲವತ್ತಾರಕ್ಕಿಂತ ಮೇಲೂ ಇರಬಹುದು."

ಅಧಿಕಾರಿ ಬೆರಳಿನಿಂದ ಕಾಗದ ತಟ್ಟಿದರು. "ನಮಗೆ ಬೇಕಾಗಿರೋದು ಕೆಳಗಿನ ಅಂಕಿ. ಮೂವತ್ತು. ಕಾಲು ಭಾಗ ಅಂದ್ರೆ ಇಪ್ಪತ್ತೈದು. ನಿಮಗೆ ಎಷ್ಟು ಅನುಕೂಲ ಮಾಡ್ಕೊಟ್ರೂ ಅದು ದಾಟುತ್ತೆ."

ಮ್ಯಾನೇಜರ್ ಹಿಂದಕ್ಕೆ ಒರಗಿದ. ಗಾಜಿನಾಚೆ ಸ್ವಲ್ಪ ಹೊತ್ತು ನೋಡಿದ. "ಮೊದಲನೇ ಸಲ ಹನ್ನೆರಡರಿಂದ ಇಪ್ಪತ್ತನಾಲ್ಕು ಅಂತ ಬಂದಿತ್ತು. ನೀವು ಸುಮ್ಮನೆ ಸಹಿ ಹಾಕಿ ಹೋಗಿದ್ರೆ ನನಗೂ ನಿಮಗೂ ಎಷ್ಟು ಸಲೀಸಾಗ್ತಿತ್ತು" ಎಂದ. ದೂರುವಂತೆ ಇರಲಿಲ್ಲ ಆ ಮಾತು. ಆಮೇಲೆ ಕೇಳಿದ, "ರಬ್ಬರ್ ಹಾಸೋಕೆ ಒಂದೊಂದೇ ಸಾಲು ನಿಲ್ಲಿಸಿದ್ರೆ ಆಗುತ್ತಾ?"

"ಆಗುತ್ತೆ" ಎಂದರು ಅಧಿಕಾರಿ.

*

ಕೆಲಸ ಒಂದೇ ದಿನದಲ್ಲಿ ಆಗಲಿಲ್ಲ. ಎಂಟು ತಿಂಗಳು ಹಿಡಿಯಿತು. ಮೊದಲು ಹಾಸಿದ ರಬ್ಬರ್ ಎಣ್ಣೆಗೆ ಮೆತ್ತಗಾಗಿ ಕಿತ್ತುಬಂತು, ಬೇರೆ ತರಿಸಿದರು. ಕಿವಿಯ ಕವಚ ಮೊದಮೊದಲು ಯಾರೂ ಹಾಕಲಿಲ್ಲ, ಬೆವರುತ್ತದೆ ಎಂದು ಕೊರಳಿಗೆ ತಗುಲಿಸಿಕೊಂಡು ಓಡಾಡಿದರು. ಗೋಡೆಯ ಮೇಲೆ ಯಾರ ಹೆಸರೂ ಬರಲಿಲ್ಲ. ಒಂದು ತಿಂಗಳು, ಎರಡು ತಿಂಗಳು ಎಂದು ಕಾದು ನೋಡಿದ ಮೇಲೆ ಗುಡುಗಮ್ಮ ಮೊದಲು ಕವಚ ಹಾಕಿದಳು, ಅವಳ ಹಿಂದೆ ಏಳನೇ ಸಾಲು.

ಹೋದ ಕಿವಿ ಹಿಂದಕ್ಕೆ ಬರುವುದಿಲ್ಲ, ಅದು ಕಿವಿಯಮ್ಮನಿಗೆ ಗೊತ್ತಿತ್ತು, ಎಲ್ಲರಿಗೂ ಹೇಳಿಯೂ ಇದ್ದಳು. ಇರುವುದು ಉಳಿಯುತ್ತದೆ. ಹೊಸದಾಗಿ ಸೇರುವವರದು ಕೆಡುವುದಿಲ್ಲ. ಕಿವಿ ಕೆಟ್ಟವರಿಗೆ ಕೇಳಿಸುವ ಯಂತ್ರ ಕೊಡಬಹುದು.

ತಾಯಿ ತಾನಾಗಿಯೇ ಬಂದದ್ದು ಒಂದು ಭಾನುವಾರದ ಮಧ್ಯಾಹ್ನ. ಗೂಡು ಲಾರಿಗೆ ಏರುವ ಮೊದಲು ಇಲಾಖೆಯ ಅಂಗಳದಲ್ಲಿತ್ತು, ಮಗಳು ಒಳಗಿನ ಹತ್ತಿ ಬದಲಾಯಿಸುತ್ತಿದ್ದಳು. ತಾಯಿ ಬಂದು, ಕೇಳದೆ, ಒಳಗೆ ಹೋಗಿ ಕೂತಳು.

"ನಾನು ನಿನ್ನ ಲೆಕ್ಕಕ್ಕೆ ಬರಲ್ಲ ತಾನೆ?" ಎಂದಳು.

"ಇಲ್ಲಮ್ಮ. ನಿನ್ನದು ಲೆಕ್ಕಕ್ಕಲ್ಲ."

ಹೆಡ್‌ಫೋನ್ ಹಾಕಿ ಬಾಗಿಲು ಮುಚ್ಚಿದಳು. ಚಿಕ್ಕ ಕಿಟಕಿಯಿಂದ ತಾಯಿಯ ಮುಖ ಕಾಣುತ್ತಿತ್ತು. ಒಂದೊಂದೇ ಸದ್ದು ಕಳಿಸಿದಳು. ಬಹಳ ಹೊತ್ತು ಗುಂಡಿ ಒತ್ತಲಿಲ್ಲ. ಮಗಳ ತುಟಿ ನೋಡಿ ಊಹಿಸುವ ದಾರಿಯೂ ಅಲ್ಲಿರಲಿಲ್ಲ, ಯಾಕೆಂದರೆ ಮಗಳು ತುಟಿ ಕಚ್ಚಿಕೊಂಡಿದ್ದಳು. ಸದ್ದು ಜೋರಾಗುತ್ತ ಹೋಗಿ, ಒಂದು ಹಂತದಲ್ಲಿ ತಾಯಿಯ ಹುಬ್ಬು ಮೇಲೇರಿತು. ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಆಮೇಲೆ ಬಿಡದೆ ಒತ್ತತೊಡಗಿದಳು, ಎಳೆಯ ಮಕ್ಕಳು ಬಾಗಿಲ ಗಂಟೆ ಸಿಕ್ಕಿದರೆ ಒತ್ತುವಂತೆ.

ಆರು ವಾರದಲ್ಲಿ ಕಿವಿಯ ಯಂತ್ರ ಬಂತು. ಹಾಕಿಕೊಂಡ ಮೊದಲ ದಿನ ತಾಯಿ ಪಾತ್ರೆಗಳನ್ನು ಮೆಲ್ಲಗೆ ಇಡು ಎಂದು ಮಗಳನ್ನು ಬೈದಳು, ಕುರ್ಚಿ ಎಳೆಯಬೇಡ ಎಂದು ಬೈದಳು, ಈ ಮನೆಯಲ್ಲಿ ಇಷ್ಟು ವರ್ಷ ಇಷ್ಟು ಗಲಾಟೆಯಲ್ಲಿ ಬದುಕಿದ್ದೇನಾ ಎಂದು ಆಶ್ಚರ್ಯಪಟ್ಟಳು. ನಾಲ್ಕನೇ ದಿನ ಮಗಳು ಹಿಂದಿನಿಂದ "ಅಮ್ಮ" ಎಂದಾಗ ತಿರುಗಿದಳು.

ಮರುವರ್ಷ ಕಿವಿಯಮ್ಮ ಗಿರಣಿಗೆ ಹೋದಾಗ ಗೂಡನ್ನು ಇಳಿಸಲು ಹತ್ತು ಜನ ತಾವೇ ಬಂದರು. ಪೀಪಾಯಿ ಉರುಳಿತು, ಚೀಟಿ ಎತ್ತಿದರು. ಗುಡುಗಮ್ಮನ ಅಂಕಿ ಮತ್ತೆ ಬರಲಿಲ್ಲ. ಅವಳು ಅಂಗಳದ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಇದ್ಯಾವ ನ್ಯಾಯ? ಪಟ್ಟೀಲಿ ಬಂದಾಗ ನಾನು ಕಳ್ಳಿ, ಹೋಗ್ಲಿಲ್ಲ. ಈಗ ಹೋಗ್ತೀನಿ ಅಂದ್ರೆ ಚೀಟಿ ಬರಲ್ಲ. ಪೀಪಾಯಿಗೆ ನನ್ನ ಮೇಲೆ ಸಿಟ್ಟಾ?"

"ಪೀಪಾಯಿಗೆ ಯಾರ ಮುಖವೂ ಗೊತ್ತಿಲ್ಲಕ್ಕ. ಅದಕ್ಕೇ ಅದನ್ನ ನಂಬೋದು" ಎಂದು ಕಿವಿಯಮ್ಮ ನಗುತ್ತ ಕೂಗಿ ಹೇಳಿದಳು. "ಪಾಳಿ ಮುಗಿಸಿ ಬನ್ನಿ. ನಿಮ್ಮ ಕಿವಿ ನೋಡ್ತೀನಿ. ಲೆಕ್ಕಕ್ಕೆ ಬರೆಯಲ್ಲ, ನಿಮಗೇ ಹೇಳ್ತೀನಿ."

ಗುಡುಗಮ್ಮ ನಾಲ್ಕು ಗಂಟೆಗೆ ಬಂದಳು, ಮುಖ ತೊಳೆದುಕೊಂಡು, ಮದುವೆಗೆ ಹೊರಟವಳ ಹಾಗೆ. ಅವಳ ಹಿಂದೆ ಚೀಟಿ ಬಾರದ ಇನ್ನೂ ಹನ್ನೊಂದು ಜನ ಸಾಲಾಗಿ ನಿಂತಿದ್ದರು. ಕಿವಿಯಮ್ಮ ಗಡಿಯಾರ ನೋಡಿದಳು, ಸಾಲು ನೋಡಿದಳು, ಮನೆಗೆ ತಡವಾಗುತ್ತದೆ ಎಂದು ತಾಯಿಗೆ ಫೋನ್ ಮಾಡಿದಳು. ಒಂದೇ ಸಲಕ್ಕೆ ತಾಯಿಗೆ ಕೇಳಿಸಿತು.